ಗುಂಪು ಚರ್ಚೆಯಲ್ಲಿ ಬಾಯಿ ಜೋರಿದ್ದವರೇ ಗೆಲ್ಲೋದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಜಗಳೂರು ತಾಲೂಕಿನವಳು. ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಮುಗಿಸಿದ್ದೇನೆ. ಹೋದ ತಿಂಗಳು ಹಳ್ಳಿಗಳಲ್ಲಿ ಸಾಲ ಕೊಡುವ ಒಂದು ಖಾಸಗಿ ಕಂಪನಿಯವರು ಫೀಲ್ಡ್ ಆಫೀಸರ್ ಕೆಲಸಕ್ಕೆ ಕರೆದಿದ್ದರು. ಬರೀ ಇಂಟರ್‌ವ್ಯೂ ಇರುತ್ತೆ ಅಂದುಕೊಂಡು ಹೋದರೆ ದಾವಣಗೆರೆಯ ಒಂದು ಹೋಟೆಲಿನ ಹಾಲಿನಲ್ಲಿ ಬೆಳಗ್ಗೆಯಿಂದ ಸಂಜೆತನಕ ಕೂರಿಸಿಕೊಂಡರು. ಮೊದಲು ಲೆಕ್ಕದ ಟೆಸ್ಟ್ ಆಯಿತು. ಆಮೇಲೆ ಎಂಟೆಂಟು ಜನರನ್ನು ಒಂದೊಂದು ಮೇಜಿಗೆ ಕೂರಿಸಿ ಹಾಳೆ ಕೊಟ್ಟರು. ಕಂಪನಿ ಹತ್ತಿರ ಒಂದೇ ಹೊಸ ಬ್ರಾಂಚ್ ತೆರೆಯುವಷ್ಟು ದುಡ್ಡಿದೆ. ಜಗಳೂರು, ಚನ್ನಗಿರಿ, ಹರಿಹರ ಮೂರರಲ್ಲಿ ಎಲ್ಲಿ ತೆರೆಯಬೇಕು ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿ ಅಂದರು. ಚರ್ಚೆ ಇಂಗ್ಲಿಷಿನಲ್ಲೇ ಆಗಬೇಕಿತ್ತು. ಗೋಡೆ ಪಕ್ಕ ಕೂತಿದ್ದ ಕೆಲವರು ಸುಮ್ನೆ ಬರೆದುಕೊಳ್ತಾ ಇದ್ದರು.

ಶುರುವಾದ ತಕ್ಷಣ ಒಬ್ಬ ಹುಡುಗ ಹರಿಹರ ಅಂತ ಹಿಡಿದವನು ಬಿಡಲೇ ಇಲ್ಲ. ಹೈವೇ ಇದೆ, ರೈಲು ಇದೆ ಅಂತ ಅದನ್ನೇ ಹೇಳಿದ. ನನ್ನ ಹಾಳೆ ತುಂಬಾ ಬರೆದಿದ್ದೆ ಮೇಡಂ. ನಮ್ಮ ಕಡೆ ಮೆಕ್ಕೆಜೋಳದ ದುಡ್ಡು ಕೈಗೆ ಬರೋದು ಯಾವಾಗ, ಅಲ್ಲಿಯವರೆಗೆ ಮನೆ ಹೇಗೆ ನಡೆಯುತ್ತೆ, ಎಲ್ಲ ನನಗೆ ಗೊತ್ತು. ಬಾಯಿ ತೆಗೆದಾಗ ಮಧ್ಯದಲ್ಲೇ ತಡೆದರು, ಆಮೇಲೆ ಮಾತಾಡೋಕೆ ಮನಸ್ಸಾಗಲಿಲ್ಲ. ಮಧ್ಯಾಹ್ನ ರೋಲ್ ಪ್ಲೇ ಇತ್ತು, ಅವರ ಕಡೆಯವರೇ ಒಬ್ಬರು ಕಂತು ಕಟ್ಟದ ಗ್ರಾಹಕರಾಗಿ ಕೂತಿದ್ದರು, ಅವರು ಕನ್ನಡದಲ್ಲೇ ಮಾತಾಡಿದ್ದರಿಂದ ಅದು ಚೆನ್ನಾಗಿ ಆಯಿತು. ಕೊನೆಗೆ ಚಿಕ್ಕ ಇಂಟರ್‌ವ್ಯೂ. ಸಂಜೆ ಹೆಸರು ಓದಿದಾಗ ನನ್ನದಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ‘ಗ್ರೂಪಿನಲ್ಲಿ ನೀವು ಕಾಣಿಸಲೇ ಇಲ್ಲ’ ಅಂದರು. ಆದರೆ ಆ ಜೋರು ಹುಡುಗನ ಹೆಸರೂ ಇರಲಿಲ್ಲ! ಸ್ವಲ್ಪವೇ ಮಾತಾಡಿದ ಇನ್ನೊಬ್ಬ ಹುಡುಗಿ ಆಯ್ಕೆಯಾದಳು. ‘ಬಾಯಿ ಇದ್ದವರು ಬರಗಾಲದಲ್ಲೂ ಬದುಕ್ತಾರೆ, ನೀನು ಬಾಯಿ ಬಿಡೋದು ಕಲಿ’ ಅಂತಾರೆ ಅಪ್ಪಾಜಿ. ಅವರಿಗೆ ನಿಜವಾಗಿ ಏನು ಬೇಕಿತ್ತು?

— ಜಗಳೂರು ತಾಲೂಕಿನ ಓದುಗರು

ಉತ್ತರ: ಜೋರು ಬಾಯಿ ಬೇಕಿರಲಿಲ್ಲ. ನಿಮ್ಮ ಹಾಳೆಯಲ್ಲಿ ಇದ್ದದ್ದು ಮೇಜಿನ ನಡುವೆ ಬರಬೇಕಿತ್ತು, ಅಷ್ಟೇ. ಎರಡೂ ಬೇರೆ ಬೇರೆ ವಿಷಯ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಭಾಗದ ಎಷ್ಟೋ ಮಕ್ಕಳು ಇಂಥ ದಿನ ಮುಗಿಸಿ ‘ನನಗೆ ಮಾತು ಬರಲ್ಲ, ನಾನು ಇದಕ್ಕಲ್ಲ’ ಅಂತ ನಿರ್ಧಾರ ಮಾಡಿಕೊಂಡು ಬಸ್ ಹತ್ತುತ್ತಾರೆ. ಆ ನಿರ್ಧಾರ ತಪ್ಪು.

ಗೋಡೆ ಪಕ್ಕ ಕೂತವರು ಏನು ಬರೆಯುತ್ತಾರೆ ಅನ್ನೋದನ್ನು ಮೊದಲು ತಿಳಿದುಕೊಳ್ಳಿ. ಸರಿಯಾಗಿ ನಡೆಸುವ ಕಡೆ ಒಬ್ಬೊಬ್ಬರಿಗೆ ಒಬ್ಬರನ್ನೋ ಇಬ್ಬರನ್ನೋ ನೋಡುವ ಕೆಲಸ ಇರುತ್ತದೆ. ಚರ್ಚೆ ನಡೆಯುವಾಗ ಅವರು ಅಂಕ ಹಾಕುವುದಿಲ್ಲ. ನೀವು ಏನು ಹೇಳಿದಿರಿ, ಏನು ಮಾಡಿದಿರಿ, ಅದನ್ನು ಆದಷ್ಟು ನಿಮ್ಮ ಮಾತಿನಲ್ಲೇ ಬರೆದುಕೊಳ್ಳುತ್ತಾರೆ. ‘ಇನ್ನು ಹತ್ತು ನಿಮಿಷ ಇದೆ ಅಂದಳು’, ‘ಪಕ್ಕದವನ ಲೆಕ್ಕದಲ್ಲಿ ತಪ್ಪು ತೋರಿಸಿದಳು’, ಹೀಗೆ. ಚರ್ಚೆ ಮುಗಿದ ಮೇಲೆ ಅದನ್ನೆಲ್ಲ ಕೆಲವು ಗುಣಗಳ ಕೆಳಗೆ ವಿಂಗಡಿಸುತ್ತಾರೆ: ಕೇಳಿಸಿಕೊಳ್ಳೋದು, ಕಾರಣ ಕೊಟ್ಟು ಮಾತಾಡೋದು, ಬೇರೆಯವರನ್ನು ಜೊತೆಗೆ ಕರೆದುಕೊಂಡು ಹೋಗೋದು, ಕೆಲಸವನ್ನು ಮುಗಿಸೋದು. ಆಮೇಲೆ ಅಂಕ, ಸಾಮಾನ್ಯವಾಗಿ 1ರಿಂದ 5ರವರೆಗೆ. ಸಂಜೆ ಎಲ್ಲ ಪರೀಕ್ಷಕರೂ ಒಟ್ಟಿಗೆ ಕೂತು ಟೆಸ್ಟ್, ಗುಂಪು, ರೋಲ್ ಪ್ಲೇ, ಇಂಟರ್‌ವ್ಯೂ ಎಲ್ಲದರ ಟಿಪ್ಪಣಿ ಎದುರಿಗಿಟ್ಟುಕೊಂಡು ಒಬ್ಬೊಬ್ಬರ ಬಗ್ಗೆ ಮಾತಾಡುತ್ತಾರೆ.

ಈಗ ‘ಕಾಣಿಸಲಿಲ್ಲ’ ಅಂದದ್ದನ್ನು ನೋಡಿ. ನಿಮ್ಮ ಹೆಸರಿನ ಹಾಳೆಯಲ್ಲಿ ಬರೆಯೋಕೆ ಅವರಿಗೆ ಏನೂ ಸಿಕ್ಕಿಲ್ಲ. ಅದರಿಂದ ನಿಮ್ಮ ಬುದ್ಧಿ, ಸ್ವಭಾವ, ಯೋಗ್ಯತೆ ಯಾವುದರ ಬಗ್ಗೆಯೂ ತೀರ್ಪು ಆಗುವುದಿಲ್ಲ. ನಿಮ್ಮ ತಲೆಯಲ್ಲಿ ಓಡಿದ್ದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ ಅಲ್ವಾ?

ಆ ಹುಡುಗನ ವಿಷಯ. ಇದನ್ನು ತಿಳಿಯೋಕೆ ಈ ಪದ್ಧತಿ ಎಲ್ಲಿಂದ ಬಂತು ಅಂತ ಸ್ವಲ್ಪ ಗೊತ್ತಿರಬೇಕು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ಸೈನ್ಯಕ್ಕೆ ಅಧಿಕಾರಿಗಳು ಬೇಕಾಗಿದ್ದರು. ಚಿಕ್ಕ ಇಂಟರ್‌ವ್ಯೂ ಮಾಡಿ ಆರಿಸಿದವರಲ್ಲಿ ಬಹಳ ಜನ ತರಬೇತಿಯಲ್ಲೇ ಫೇಲಾಗಿ ವಾಪಸ್ ಬರುತ್ತಿದ್ದರು. ಅದಕ್ಕೆ 1942ರಲ್ಲಿ ಹೊಸ ಆಯ್ಕೆ ಮಂಡಳಿಗಳನ್ನು ಮಾಡಿದರು. ಅಲ್ಲಿ ಕೆಲಸ ಮಾಡಿದ ವಿಲ್‌ಫ್ರೆಡ್ ಬಿಯಾನ್ ಅನ್ನುವ ಮನೋವೈದ್ಯರು ನಾಯಕ ಇಲ್ಲದ ಗುಂಪಿನ ಪರೀಕ್ಷೆ ತಂದರು. ಒಂದು ಗುಂಪಿಗೆ ಕೆಲಸ ಕೊಡೋದು, ನಾಯಕ ಯಾರು ಅಂತ ಹೇಳದೆ ಬಿಡೋದು. ಅಲ್ಲಿ ಪ್ರತಿಯೊಬ್ಬನಿಗೂ ಎರಡು ಕಡೆಯ ಎಳೆತ ಇರುತ್ತದೆ. ನಾನು ಮಿಂಚಬೇಕು, ಯಾಕೆಂದರೆ ನೋಡ್ತಾ ಇದ್ದಾರೆ. ಆದರೆ ಗುಂಪಿನ ಕೆಲಸ ಆಗಬೇಕು ಅಂದರೆ ಬೇರೆಯವರ ಮಾತನ್ನೂ ಕೇಳಬೇಕು, ಅವರಿಗೂ ಜಾಗ ಬಿಡಬೇಕು. ಆ ಎಳೆತದಲ್ಲಿ ಮನುಷ್ಯ ಯಾವ ಕಡೆ ವಾಲುತ್ತಾನೆ ಅಂತ ನೋಡೋದೇ ಬಿಯಾನ್ ಅವರ ಉದ್ದೇಶ. ಮುಂದೆ 1956ರಿಂದ ಅಮೆರಿಕದ ಎ.ಟಿ. ಅಂಡ್ ಟಿ. ಟೆಲಿಫೋನ್ ಕಂಪನಿ ತನ್ನ ಮ್ಯಾನೇಜರ್‌ಗಳ ಮೇಲೆ ಇಂಥ ಪರೀಕ್ಷೆ ನಡೆಸಿ ವರ್ಷಗಟ್ಟಲೆ ಅಧ್ಯಯನ ಮಾಡಿತು, ಅಲ್ಲಿಂದ ಬೇರೆ ಕಂಪನಿಗಳಿಗೂ ಹಬ್ಬಿತು. ನೀವು ಬಿ.ಕಾಂ. ಆದವರು, ಬ್ಯಾಂಕ್ ಪರೀಕ್ಷೆ ಕಟ್ಟುವ ಯೋಚನೆ ಇದ್ದರೆ ಇದನ್ನೂ ನೆನಪಿಡಿ: ಸ್ಟೇಟ್ ಬ್ಯಾಂಕಿನ ಪ್ರೊಬೇಷನರಿ ಆಫೀಸರ್ ಆಯ್ಕೆಯಲ್ಲೂ ಮುಖ್ಯ ಪರೀಕ್ಷೆ ಆದಮೇಲೆ ಇಂಟರ್‌ವ್ಯೂ ಜೊತೆ ಗುಂಪು ಚಟುವಟಿಕೆ ಇರುತ್ತದೆ.

ಹಾಗಾಗಿ ಆ ಹುಡುಗ ‘ಹರಿಹರ’ ಅಂತ ಎಷ್ಟು ಸಲ ಹೇಳಿದರೂ ಅವನ ಹಾಳೆಯಲ್ಲಿ ಬಿದ್ದದ್ದು ಒಂದೇ ವಾದ, ಜೊತೆಗೆ ‘ಬೇರೆಯವರನ್ನು ತಡೆದ’ ಅನ್ನುವ ಸಾಲು. ಆಯ್ಕೆಯಾದ ಹುಡುಗಿ ಏನು ಮಾಡಿದಳು ಅಂತ ನೀವು ಬರೆದಿಲ್ಲ. ಬಹುಶಃ ನಾಲ್ಕೇ ಮಾತಾಡಿರಬಹುದು, ಆದರೆ ಆ ನಾಲ್ಕು ಮಾತಿನಿಂದ ಚರ್ಚೆ ಮುಂದೆ ಹೋಗಿರುತ್ತದೆ. ಅಪ್ಪಾಜಿಯವರ ಗಾದೆಯಲ್ಲಿ ಸತ್ಯ ಇದೆ, ಇಲ್ಲ ಅನ್ನಲ್ಲ. ಹೆಚ್ಚು ಮಾತಾಡಿದವರನ್ನೇ ನಾಯಕರು ಅಂತ ಭಾವಿಸುವ ಒಲವು ಮನುಷ್ಯರಲ್ಲಿದೆ, ಸಂಶೋಧಕರೂ ಅದನ್ನು ಗುರುತಿಸಿದ್ದಾರೆ. ಹೇಗೆ ಗಮನಿಸಬೇಕು ಅಂತ ಪರೀಕ್ಷಕರಿಗೆ ತರಬೇತಿ ಕೊಡುವುದೇ ಅಂಥ ಒಲವಿಗೆ ಅವರು ಬೀಳಬಾರದು ಅಂತ. ತರಬೇತಿ ಇಲ್ಲದ ಕಡೆ ಜೋರು ಬಾಯಿಯವರು ಗೆಲ್ಲೋದೂ ಉಂಟು. ನೀವು ಹೋದ ಕಡೆ ಅಷ್ಟರ ಮಟ್ಟಿಗೆ ಸರಿಯಾಗಿ ನೋಡಿದ್ದಾರೆ.

ಈಗ ನಿಮ್ಮ ಹಾಳೆಗೆ ಬರೋಣ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಆ ಎಂಟು ಜನರಲ್ಲಿ ಆ ಪ್ರಶ್ನೆಗೆ ಬೇಕಾದ ತಿಳಿವಳಿಕೆ ಎಲ್ಲರಿಗಿಂತ ಜಾಸ್ತಿ ಇದ್ದದ್ದು ನಿಮಗೇ ಇರಬೇಕು. ಸಾಲದ ಕಂಪನಿಗೆ ಬ್ರಾಂಚ್ ಎಲ್ಲಿ ಅನ್ನೋ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದೆ: ಅಲ್ಲಿಯ ಜನರ ಕೈಗೆ ದುಡ್ಡು ಯಾವಾಗ ಬರುತ್ತದೆ? ಜಗಳೂರು ಕಡೆ ಹೆಚ್ಚಿನದು ಮಳೆಯನ್ನೇ ನಂಬಿದ ಖುಷ್ಕಿ ಜಮೀನು. ಮೆಕ್ಕೆಜೋಳ ಕೊಯ್ದು, ಒಣಗಿಸಿ, ಮಂಡಿಗೆ ಹಾಕಿ ದುಡ್ಡು ಎಣಿಸುವ ಹೊತ್ತಿಗೆ ದೀಪಾವಳಿ ಬಂದಿರುತ್ತದೆ. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಚನ್ನಗಿರಿ ಅಡಿಕೆಯ ನಾಡು, ಅಲ್ಲಿ ಕೊಯ್ಲು ಕೆಲವು ತಿಂಗಳು ನಡೆಯುತ್ತದೆ, ಒಣಗಿದ ಅಡಿಕೆಯನ್ನು ದರ ನೋಡಿಕೊಂಡು ಇಟ್ಟು ಮಾರುವವರೂ ಇದ್ದಾರೆ. ಹರಿಹರದಲ್ಲಿ ಭದ್ರಾ ನಾಲೆಯ ಭತ್ತ ಇದೆ, ಪೇಟೆಯ ವ್ಯಾಪಾರ ಇದೆ, ಸಂಬಳದವರಿದ್ದಾರೆ, ಆದರೆ ಅಲ್ಲಿ ಸಾಲ ಕೊಡುವ ಬೇರೆ ಬ್ಯಾಂಕು, ಸೊಸೈಟಿಗಳೂ ಇವೆ. ಮೂರು ಊರಿಗೂ ಒಂದೇ ಥರದ ತಿಂಗಳ ಕಂತು ಇಟ್ಟರೆ ಎಲ್ಲಿ ಕಟ್ಟುತ್ತಾರೆ, ಎಲ್ಲಿ ಬಾಕಿ ಬೀಳುತ್ತದೆ?

ಈ ಕೊನೇ ಪ್ರಶ್ನೆಯನ್ನು ನೀವು ಮೊದಲ ಐದು ನಿಮಿಷದಲ್ಲಿ ಮೇಜಿನ ಮೇಲೆ ಇಟ್ಟಿದ್ದರೆ ಸಾಕಿತ್ತು. ಉತ್ತರ ಕೂಡ ಬೇಕಿರಲಿಲ್ಲ. ‘ಊರು ಆರಿಸೋ ಮೊದಲು ಯಾವ ಆಧಾರದ ಮೇಲೆ ಆರಿಸೋಣ ಅಂತ ಮಾತಾಡೋಣ. ನನಗೆ ಮುಖ್ಯ ಅನಿಸೋದು, ಕಂತು ಕಟ್ಟೋಕೆ ಜನರ ಕೈಯಲ್ಲಿ ದುಡ್ಡು ಯಾವಾಗ ಇರುತ್ತೆ ಅನ್ನೋದು. ನಾನು ಜಗಳೂರಿನವಳು, ಅಲ್ಲಿಯದು ಹೇಳ್ತೀನಿ. ಚನ್ನಗಿರಿ ಕಡೆಯವರು ಯಾರಾದರೂ ಇದ್ದೀರಾ?’ ಇಷ್ಟರಲ್ಲಿ ಏನೆಲ್ಲ ಆಯಿತು ನೋಡಿ. ಚರ್ಚೆಗೆ ಒಂದು ಆಧಾರ ಸಿಕ್ಕಿತು, ನಿಮ್ಮ ತಿಳಿವಳಿಕೆ ಹೊರಗೆ ಬಂತು, ಸುಮ್ಮನೆ ಕೂತಿದ್ದ ಇನ್ನೊಬ್ಬರು ಒಳಗೆ ಬಂದರು. ಹರಿಹರದ ಹುಡುಗ ಕೂಡ ಹೈವೇ ಬಿಟ್ಟು ಈ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತಿತ್ತು. ಧ್ವನಿ ಏರಿಸುವ ಅಗತ್ಯ ಎಲ್ಲೂ ಬರಲಿಲ್ಲ.

ಬೇಗ ಮಾತಾಡಿ ಅನ್ನೋದಕ್ಕೆ ಕಾರಣ ಇದೆ. ಗುಂಪು ಅರ್ಧ ಹೊತ್ತು ಒಂದೇ ಊರಿನ ಸುತ್ತ ತಿರುಗಿದ ಮೇಲೆ ಆಧಾರದ ಮಾತು ತೆಗೆದರೆ ‘ಈಗ ಟೈಮ್ ಇಲ್ಲ’ ಅಂತಾರೆ. ಎಲ್ಲರಿಗಿಂತ ಮೊದಲು ಬಾಯಿ ತೆಗೆಯಬೇಕು ಅಂತೇನಿಲ್ಲ. ಎರಡನೆಯವರೋ ಮೂರನೆಯವರೋ ಆದರೂ ಆಯಿತು. ತಡವಾಯಿತು ಅನಿಸಿದರೂ ಇನ್ನೊಂದು ಜಾಗ ಖಾಲಿ ಇರುತ್ತದೆ: ‘ಇಲ್ಲಿಯವರೆಗೆ ನಾವು ಒಪ್ಪಿದ್ದು ಇಷ್ಟು, ಒಪ್ಪದೆ ಉಳಿದಿದ್ದು ಇಷ್ಟು’ ಅಂತ ಹಾಳೆ ನೋಡಿ ಹೇಳೋದು. ಬರೆದುಕೊಳ್ಳುವ ಅಭ್ಯಾಸ ಇರುವ ನಿಮ್ಮಂಥವರಿಗೆ ಇದು ಸುಲಭ, ಮಾತಿನ ಅಮಲಿನಲ್ಲಿ ಇರುವವರಿಗೆ ಆಗುವುದೇ ಇಲ್ಲ.

ಮಧ್ಯದಲ್ಲಿ ತಡೆದರೆ? ‘ಒಂದು ನಿಮಿಷ, ಇದೊಂದು ಮುಗಿಸಿಬಿಡ್ತೀನಿ’ ಅಂತ ಮೆಲ್ಲಗೆ, ಅವರ ಮುಖ ನೋಡಿ ಹೇಳಿ, ಮುಗಿಸಿ. ಇದು ಜಗಳ ಆಗುವುದಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಎದುರು ಮಾತಾಡಬೇಡ ಅಂತ ಹೇಳಿ ಹೇಳಿ, ತನ್ನ ಮಾತನ್ನು ತಾನು ಮುಗಿಸೋದು ಕೂಡ ಎದುರು ಮಾತು ಅನಿಸುವ ಹಾಗೆ ಮಾಡಿಟ್ಟಿದ್ದೇವೆ. ಅದು ನನಗೆ ತುಂಬಾ ಬೇಜಾರಿನ ವಿಷಯ. ನಿಮ್ಮ ಮಾತು ಮುಗಿಸುವ ಹಕ್ಕು ನಿಮ್ಮದು.

ಇಂಗ್ಲಿಷ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ಕಂಪನಿಯವರದ್ದೇ ತಪ್ಪು ಅಂತ ನೇರವಾಗಿ ಹೇಳುತ್ತೇನೆ. ಜಗಳೂರಿನ ರೈತರ ಮನೆ ಕಟ್ಟೆ ಮೇಲೆ ಕೂತು ಕಂತಿನ ಮಾತಾಡಬೇಕಾದ ಕೆಲಸ ಅದು. ಅದಕ್ಕೆ ಇಂಗ್ಲಿಷಿನಲ್ಲಿ ಚರ್ಚೆ ಇಟ್ಟರೆ ಅಳೆದದ್ದು ಇಂಗ್ಲಿಷನ್ನೇ ಹೊರತು ಕೆಲಸವನ್ನಲ್ಲ. ಅವರದೇ ರೋಲ್ ಪ್ಲೇನಲ್ಲಿ ಗ್ರಾಹಕ ಕನ್ನಡ ಮಾತಾಡಿದ್ದು ಇದಕ್ಕೆ ಸಾಕ್ಷಿ. ಮುಂದಿನ ಸಲ ಶುರುವಿಗೆ ಮೊದಲೇ ಕೇಳಿ, ‘ಕನ್ನಡದಲ್ಲೂ ಮಾತಾಡಬಹುದಾ?’ ಅಂತ. ಒಪ್ಪುವವರಿದ್ದಾರೆ. ಒಪ್ಪದಿದ್ದರೆ ಚಿಕ್ಕ ಚಿಕ್ಕ ವಾಕ್ಯದಲ್ಲಿ ಇಂಗ್ಲಿಷಿನಲ್ಲೇ ಹೇಳಿ, ವ್ಯಾಕರಣದ ಚಿಂತೆ ಬಿಡಿ. ಬೇಕಾದ ಪದಗಳನ್ನು ಓದಲು ಕೊಟ್ಟ ಹೊತ್ತಿನಲ್ಲೇ ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.

ಇನ್ನೊಂದು ತಪ್ಪೂ ಅವರದ್ದೇ. ದಿನವಿಡೀ ಏನೇನು ನಡೆಯುತ್ತದೆ ಅಂತ ಮೊದಲೇ ತಿಳಿಸಬೇಕಿತ್ತು. ಇನ್ನು ಮುಂದೆ ಯಾರೇ ಕರೆದರೂ ಫೋನ್ ಮಾಡಿ ಕೇಳಿ: ಎಷ್ಟು ಹೊತ್ತು, ಗುಂಪು ಚಟುವಟಿಕೆ ಇದೆಯಾ, ಯಾವ ಭಾಷೆ. ಕೇಳಿದ್ದಕ್ಕೆ ಯಾರೂ ಅಂಕ ಕಡಿಮೆ ಮಾಡಲ್ಲ. ಈಗ ಆಗಿದ್ದಕ್ಕೂ ಒಂದು ಇ-ಮೇಲ್ ಬರೆಯಿರಿ. ಗುಂಪು ಚರ್ಚೆ, ರೋಲ್ ಪ್ಲೇ, ಇಂಟರ್‌ವ್ಯೂ ಮೂರರಲ್ಲೂ ನನ್ನ ಬಗ್ಗೆ ಏನು ಅನಿಸಿತು, ದಯವಿಟ್ಟು ತಿಳಿಸಿ ಅಂತ. ಉತ್ತರ ಬರಲೇಬೇಕು ಅಂತಿಲ್ಲ, ಬಂದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ರೋಲ್ ಪ್ಲೇ ಚೆನ್ನಾಗಿತ್ತು ಅಂತ ಅವರೂ ಹೇಳಿದರೆ, ಬ್ರಾಂಚಿನಲ್ಲಿ ಮತ್ತೆ ಜಾಗ ಖಾಲಿಯಾದಾಗ ನನ್ನನ್ನು ಪರಿಗಣಿಸಿ ಅಂತ ಧೈರ್ಯವಾಗಿ ಕೇಳಬಹುದು.

ಅಭ್ಯಾಸ ಹೇಗೆ ಅಂತ ಕೇಳ್ತೀರಿ. ದುಡ್ಡು ಕೊಟ್ಟು ಕ್ಲಾಸಿಗೆ ಸೇರಬೇಡಿ. ಹಾಸ್ಟೆಲಿನಲ್ಲಿ ಐದಾರು ಗೆಳತಿಯರನ್ನು ಕೂಡಿಸಿ. ವಿಷಯ ನಮ್ಮ ಜಿಲ್ಲೆಯದೇ ಇರಲಿ: ಊರಿನ ಕೆರೆ ಹೂಳೆತ್ತೋದು ಮೊದಲೋ, ಶಾಲೆಯ ಕಾಂಪೌಂಡ್ ಮೊದಲೋ, ಹೀಗೆ ದುಡ್ಡು ಒಂದಕ್ಕೇ ಸಾಲುವ ಸಮಸ್ಯೆ ತೆಗೆದುಕೊಳ್ಳಿ. ಆದರೆ ಪ್ರತಿ ಸಲ ಒಬ್ಬರು ಹೊರಗೆ ಕೂತು ಪರೀಕ್ಷಕರ ಹಾಗೆ ಬರೆಯಬೇಕು. ನೀವೂ ಆ ಜಾಗದಲ್ಲಿ ಕೂತು ನೋಡಿ. ಯಾರ ಮಾತಿನಿಂದ ಚರ್ಚೆ ತಿರುಗಿತು, ಯಾರು ಸುಮ್ನೆ ಸದ್ದು ಮಾಡಿದರು ಅಂತ ಹೊರಗೆ ಕೂತವರಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂದರೆ, ಆಮೇಲೆ ನಿಮ್ಮ ಹೆದರಿಕೆಯೇ ಕಡಿಮೆಯಾಗುತ್ತದೆ.

ಚಂದ್ರನ ಮೇಲೆ ಸಿಕ್ಕಿಹಾಕಿಕೊಂಡವರ ಆಟ ಅಂತ ಒಂದಿದೆ, ನಾಸಾ ಹೆಸರಿನಲ್ಲಿ ಪ್ರಸಿದ್ಧ. 15 ವಸ್ತು ಕೊಟ್ಟು ಯಾವುದು ಹೆಚ್ಚು ಮುಖ್ಯ ಅಂತ ಮೊದಲು ಒಬ್ಬೊಬ್ಬರೇ, ಆಮೇಲೆ ಗುಂಪಾಗಿ ಸಾಲು ಹಚ್ಚಬೇಕು. ಆಮ್ಲಜನಕ ಮೊದಲು, ಆಮೇಲೆ ನೀರು. ಬೆಂಕಿಪೊಟ್ಟಣ ಕೊನೆಗೆ, ಗಾಳಿ ಇಲ್ಲದ ಕಡೆ ಕಡ್ಡಿ ಹತ್ತಲ್ಲ. ಇದನ್ನು ಆಡಿ ನೋಡಿ. ಒಬ್ಬೊಬ್ಬರು ಮಾಡಿದ ಪಟ್ಟಿಗಳ ಸರಾಸರಿಗಿಂತ ಗುಂಪಿನ ಪಟ್ಟಿ ಸಾಮಾನ್ಯವಾಗಿ ಸರಿಯಾದದ್ದಕ್ಕೆ ಹತ್ತಿರ ಇರುತ್ತದೆ. ಸರಿ ಉತ್ತರ ಗೊತ್ತಿದ್ದವರು ಬಾಯಿ ಮುಚ್ಚಿ ಕೂತರೆ ಮಾತ್ರ ಆ ಲಾಭ ಗುಂಪಿಗೆ ಸಿಗಲ್ಲ.

ಪ್ರಶ್ನೆ: ಇಂಥ ದಿನ ಊಟದ ಹೊತ್ತಿನಲ್ಲೂ ನಮ್ಮನ್ನು ನೋಡ್ತಾ ಇರ್ತಾರಾ ಸರ್/ಮೇಡಂ? ಚಮಚದಲ್ಲೇ ತಿನ್ನಬೇಕಾ?

— ಹೊನ್ನಾಳಿಯ ಓದುಗರು

ಉತ್ತರ: ಅಂಕ ಬರೋದು ಚಟುವಟಿಕೆಗಳಿಂದ, ಅನ್ನ ಸಾರಿನಿಂದ ಬರಲ್ಲ. ಕೈಯಲ್ಲಿ ತಿನ್ನಿ, ಹೊಟ್ಟೆ ತುಂಬಾ ತಿನ್ನಿ, ಮಧ್ಯಾಹ್ನ ಇನ್ನೂ ಕೆಲಸ ಇರುತ್ತದೆ. ಆದರೆ ಊಟದ ಸಾಲಿನಲ್ಲಿ ನಿಂತು ಕಂಪನಿಯನ್ನೋ ಬೇರೆ ಅಭ್ಯರ್ಥಿಗಳನ್ನೋ ಬೈಯಬೇಡಿ. ಪಕ್ಕದಲ್ಲಿ ನಿಂತವರು ಯಾರು ಅಂತ ಗೊತ್ತಿರಲ್ಲ.

ಪ್ರಶ್ನೆ: ನಮಸ್ತೆ. ಚಿತ್ರದುರ್ಗದವನು, ಡಿಗ್ರಿ ಆಗಿದೆ, ಸೇನೆಯ ಅಧಿಕಾರಿಗಳ ನೇಮಕಾತಿಗೆ ನಡೆಯುವ ಸಿ.ಡಿ.ಎಸ್. ಲಿಖಿತ ಪರೀಕ್ಷೆ ಪಾಸಾಗಿ, ಮುಂದಿನ ಹಂತವಾದ ಎಸ್.ಎಸ್.ಬಿ. ಆಯ್ಕೆ ಮಂಡಳಿಯಿಂದ ಕರೆ ಬಂದಿದೆ. ಮೊದಲ ದಿನವೇ ಅರ್ಧಕ್ಕಿಂತ ಜಾಸ್ತಿ ಜನರನ್ನು ವಾಪಸ್ ಕಳಿಸ್ತಾರೆ ಅಂತ ಸೀನಿಯರ್ಸ್ ಹೆದರಿಸುತ್ತಿದ್ದಾರೆ. ಹೇಗೆ ತಯಾರಾಗಲಿ?

— ಚಿತ್ರದುರ್ಗದ ಓದುಗರು

ಉತ್ತರ: ಮೊದಲು ಅಭಿನಂದನೆ. ಮೊದಲ ದಿನ ಸ್ಕ್ರೀನಿಂಗ್ ಇರೋದು ನಿಜ, ಅದರಲ್ಲಿ ಉಳಿಯದವರು ಅವತ್ತೇ ಮನೆಗೆ ಹೊರಡುತ್ತಾರೆ. ಅವತ್ತು ಎರಡು ಕೆಲಸ. ತರ್ಕದ ಪರೀಕ್ಷೆ ಒಂದು. ಇನ್ನೊಂದರಲ್ಲಿ ಮಸುಕಾದ ಚಿತ್ರವನ್ನು 30 ಸೆಕೆಂಡ್ ತೋರಿಸುತ್ತಾರೆ, ಅದರ ಮೇಲೆ ಕಥೆ ಬರೆಯಬೇಕು, ಆಮೇಲೆ ಗುಂಪಿನಲ್ಲಿ ನಿಮ್ಮ ಕಥೆ ಹೇಳಿ ಎಲ್ಲರೂ ಸೇರಿ ಒಂದು ಕಥೆಗೆ ಬರಬೇಕು. ಮೇಲಿನ ಉತ್ತರದಲ್ಲಿ ಬಿಯಾನ್ ಬಗ್ಗೆ ಬರೆದದ್ದೆಲ್ಲ ಇಲ್ಲಿಗೂ ಸೇರುತ್ತದೆ, ನಮ್ಮ ಎಸ್.ಎಸ್.ಬಿ. ಬಂದದ್ದೇ ಆ ಬ್ರಿಟಿಷ್ ಮಂಡಳಿಗಳ ಮಾದರಿಯಿಂದ. ಎಲ್ಲರೂ ಒಟ್ಟಿಗೆ ಕಿರುಚುವಾಗ ನೀವೂ ಕಿರುಚಿದರೆ ಏನೂ ಕೇಳಿಸಲ್ಲ. ಗದ್ದಲ ಒಂದು ಉಸಿರಿನಷ್ಟು ತಗ್ಗಿದಾಗ ಇಬ್ಬರ ಕಥೆಯಲ್ಲಿರುವ ಸಾಮಾನ್ಯ ಅಂಶ ಹೇಳಿ.

ಮುಂದಿನ ದಿನಗಳಲ್ಲಿ ಪದ ಕೊಟ್ಟು ವಾಕ್ಯ ಬರೆಯೋದಿದೆ, 60 ಪದ, ಒಂದೊಂದಕ್ಕೆ 15 ಸೆಕೆಂಡ್. 60 ಸನ್ನಿವೇಶಗಳಿಗೆ ಅರ್ಧ ಗಂಟೆಯಲ್ಲಿ ಉತ್ತರ ಬರೆಯೋದಿದೆ. ಗಡಿಯಾರ ಇಟ್ಟುಕೊಂಡು ಕೈ ಪಳಗಿಸಿ, ಆದರೆ ಯಾರದೋ ಉತ್ತರ ಬಾಯಿಪಾಠ ಮಾಡಬೇಡಿ. ಮನಶ್ಶಾಸ್ತ್ರಜ್ಞರು, ಇಂಟರ್‌ವ್ಯೂ ಮಾಡುವವರು, ಮೈದಾನದ ಅಧಿಕಾರಿ ಮೂವರೂ ನಿಮ್ಮನ್ನು ಬೇರೆ ಬೇರೆಯಾಗಿ ನೋಡಿ ಕೊನೆಗೆ ಒಟ್ಟಿಗೆ ಕೂರುತ್ತಾರೆ, ಬಾಯಿಪಾಠ ಅಲ್ಲಿ ಸಿಕ್ಕಿಬೀಳುತ್ತದೆ. ಮೈದಾನದಲ್ಲಿ ಹಲಗೆ, ಮರದ ದಿಮ್ಮಿ, ಹಗ್ಗ ಕೊಟ್ಟು ನೆಲ ಮುಟ್ಟದೆ ಅಡ್ಡಿಗಳನ್ನು ದಾಟಬೇಕು. ಅಲ್ಲಿ ಉಪಾಯ ಹೇಳಿ ನಿಲ್ಲಬೇಡಿ, ನೀವೇ ಹಲಗೆಯ ತುದಿ ಹಿಡಿಯಿರಿ. ಇನ್ನೊಬ್ಬರ ಉಪಾಯ ಒಳ್ಳೆಯದಿದ್ದರೆ ಅದಕ್ಕೂ ಕೈ ಹಚ್ಚಿ. ಮೈಗೆ ಕಸುವು ಬೇಕು ಅನ್ನೋದಕ್ಕೆ ನಿಮಗೆ ಜೋಗಿಮಟ್ಟಿಯ ಏರು ಇದೆ, ಬೆಳಗ್ಗೆ ಓಡಿ.

ಪ್ರಶ್ನೆ: ನನ್ನ ಮಗನಿಗೆ ಬೆಂಗಳೂರಿನ ಕಂಪನಿಯ ‘ಅಸೆಸ್‌ಮೆಂಟ್ ಡೇ’ ಇದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಸೀಟು ಖಾತ್ರಿ ಮಾಡೋಕೆ 2,500 ರೂಪಾಯಿ ಕಳಿಸಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ತನ್ನಿ ಅಂತಾರೆ. ಕಳಿಸೋಣವೇ?

— ದಾವಣಗೆರೆಯ ತಂದೆಯೊಬ್ಬರು

ಉತ್ತರ: ಬೇಡ ಸರ್. ಕೆಲಸ ಕೊಡುವವರು ಆಯ್ಕೆಯ ದಿನಕ್ಕೆ ಅಭ್ಯರ್ಥಿಯಿಂದ ಹೀಗೆ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ, ಕೆಲಸವೇ ಇಲ್ಲದ ಕಡೆ ನಡೆಯುವ ಮೋಸ ಅದು. ಕಂಪನಿಯ ಹೆಸರು ನಿಜವೇ ಇರಬಹುದು, ಮೆಸೇಜ್ ಕಳಿಸಿದವರು ಬೇರೆ ಇರುತ್ತಾರೆ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿರುವ ನಂಬರಿಗೆ ಮಗನ ಕೈಲಿ ಫೋನ್ ಮಾಡಿಸಿ, ಮೆಸೇಜಿನಲ್ಲಿ ಕೊಟ್ಟ ನಂಬರಿಗೆ ಬೇಡ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಬಹುದು, ಯಾರ ಕೈಯಲ್ಲೂ ಬಿಟ್ಟು ಬರಬಾರದು. ಅಕಸ್ಮಾತ್ ದುಡ್ಡು ಈಗಾಗಲೇ ಹೋಗಿದ್ದರೆ ಈ ಪತ್ರಿಕೆ ಮಡಚಿಟ್ಟು ಈಗಲೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಮೆಸೇಜು, ಫೋನ್ ನಂಬರ್, ದುಡ್ಡು ಕಳಿಸಿದ ರಸೀದಿ ಯಾವುದನ್ನೂ ಅಳಿಸಬೇಡಿ, ದೂರು ಕೊಡುವಾಗ ಬೇಕಾಗುತ್ತದೆ.